ಇಂಗ್ಲಿಷ್ ಮಾತಿನಲ್ಲಿ ಮೃಗಪಕ್ಷಿಗಳು: ಕೆಲವು ನುಡಿಗಟ್ಟುಗಳ ಪೂರ್ವೋತ್ತರ

ಮನುಷ್ಯನು ಮೃಗಪಕ್ಷಿಗಳೊಡನೆ ಬಹುಕಾಲದಿಂದ ಬಾಳುತ್ತ ಬಂದುದರ ಗುರುತು ಅವನ ಮಾತಿನಲ್ಲಿ ಅಚ್ಚಳಿಯದೆ ಉಳಿದಿದೆ. ನಾವು ನರಿಬುದ್ಧಿಯೆನ್ನುತ್ತೇವೆ, ಬಕಧ್ಯಾನವೆನ್ನುತ್ತೇವೆ, ಗೋಮುಖವ್ಯಾಘ್ರನೆನ್ನುತ್ತೇವೆ. ಇವುಗಳ ಅರ್ಥವನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಕೆರೆಯ ಅಂಚಿನಲ್ಲಿ ಒಂಟಿಕಾಲಿನ ಮೇಲೆ ಕಣ್ಣುಮುಚ್ಚಿದಂತೆ ನಿಂತ ಕೊಕ್ಕರೆಯನ್ನು ಒಮ್ಮೆ ನೋಡಿದವನಿಗೆ ಬಕಧ್ಯಾನದ ಸ್ವರೂಪವು ತಾನಾಗಿಯೇ ಹೊಳೆಯುತ್ತದೆ. ಆದರೆ ಇಂಗ್ಲಿಷ್ ಭಾಷೆಯಲ್ಲಿ ದಿನಬಳಕೆಯಲ್ಲಿರುವ ಅನೇಕ ನುಡಿಗಟ್ಟುಗಳ ಸಂಗತಿಯು ಹೀಗಲ್ಲ. ಜಡಿಮಳೆ ಬಂದರೆ ಆ ಜನರು ಬೆಕ್ಕು ನಾಯಿಗಳು ಸುರಿಯುತ್ತಿವೆಯೆನ್ನುತ್ತಾರೆ. ಗುಟ್ಟು ಹೊರಬಿದ್ದರೆ ಚೀಲದಿಂದ ಬೆಕ್ಕು ಹೊರಬಂದಿತೆನ್ನುತ್ತಾರೆ. ವಾದದಲ್ಲಿ ದಾರಿ ತಪ್ಪಿಸುವ ಮಾತಿಗೆ ಕೆಂಪು ಮೀನೆಂದು ಹೆಸರಿಡುತ್ತಾರೆ. ಮಳೆಗೂ ಬೆಕ್ಕಿಗೂ, ವಾದಕ್ಕೂ ಮೀನಿಗೂ ಏನು ಸಂಬಂಧ?

ಇಂಗ್ಲಿಷ್ ಕಲಿಯುವ ಮಕ್ಕಳು ಈ ಪ್ರಶ್ನೆಯನ್ನು ಮನೆಯ ಹಿರಿಯರಿಗೆ ಹಾಕುವುದು ಸ್ವಾಭಾವಿಕ. ಉತ್ತರಕ್ಕೂ ಬರಗಾಲವಿಲ್ಲ. ಒಂದೊಂದು ನುಡಿಗಟ್ಟಿಗೂ ಒಂದೊಂದು ಸೊಗಸಾದ ಕಥೆಯು ಜನರ ಬಾಯಲ್ಲಿ ಸಿದ್ಧವಾಗಿದೆ. ಕಥೆಯು ರಂಜಕವಾದಷ್ಟೂ ಬೇಗ ಹರಡುತ್ತದೆ, ಹರಡಿದಷ್ಟೂ ನಿಜವೆಂದು ತೋರುತ್ತದೆ. ಮಾತಿನ ಹುಟ್ಟಿನ ವಿಷಯದಲ್ಲಿ ಒಂದು ಸುಳ್ಳು ಬಂದರೆ ಯಾರಿಗೇನು ನಷ್ಟವೆಂದು ಕೆಲವರು ಕೇಳಬಹುದು. ನಷ್ಟವುಂಟು. ಇಂಥ ಕಥೆಗಳಲ್ಲಿ ಹಲವು, ಮಾತನಾಡಿ ಉತ್ತರ ಕೊಡಲಾರದ ಹಿಂದಿನ ಕಾಲದವರ ಮೇಲೆಯೋ ದೂರದ ದೇಶದವರ ಮೇಲೆಯೋ ಇಲ್ಲದ ದೋಷವನ್ನು ಹೊರಿಸುತ್ತವೆ. ಅದು ಹೇಗೆಂಬುದನ್ನು ಮುಂದೆ ಕಾಣುವೆವು.

ಮಾತಿನ ಮೂಲವನ್ನು ಹುಡುಕುವ ಪಂಡಿತರು ಇಂಥ ಕಥೆಗಳನ್ನು ಮೂರು ಪ್ರಶ್ನೆಗಳಿಂದ ಒರೆಗೆ ಹಚ್ಚುತ್ತಾರೆ. ಆ ಮಾತು ಬರವಣಿಗೆಯಲ್ಲಿ ಮೊದಲು ಕಾಣಿಸಿಕೊಂಡುದು ಯಾವಾಗ? ಕಥೆಯಲ್ಲಿ ಹೇಳಿದ ಸಂಗತಿಯು ಲೋಕದಲ್ಲಿ ನಡೆಯುವಂಥದೆ, ನಡೆದುದಕ್ಕೆ ಆಧಾರವುಂಟೆ? ನೆರೆಹೊರೆಯ ಭಾಷೆಗಳು ಅದೇ ಭಾವವನ್ನು ಹೇಗೆ ಹೇಳುತ್ತವೆ? ಗೃಹಸ್ಥರಾದ ನಮಗೂ ಈ ಮೂರು ಪ್ರಶ್ನೆಗಳು ಸಾಕು. ಇವನ್ನು ಕೈಯಲ್ಲಿ ಹಿಡಿದು ಕೆಲವು ನುಡಿಗಟ್ಟುಗಳನ್ನು ಪರೀಕ್ಷಿಸೋಣ.

ಮೊದಲು ಬೆಕ್ಕುನಾಯಿಗಳ ಮಳೆ. ೧೯೯೯ರಲ್ಲಿ ಮಿಂಚಂಚೆಯ ಮೂಲಕ ದೇಶದೇಶಗಳನ್ನು ಸುತ್ತಿದ ಒಂದು ಬರಹವು ಇದಕ್ಕೆ ಹೀಗೆ ಕಾರಣ ಹೇಳಿತು: ಹದಿನಾರನೆಯ ಶತಮಾನದ ಇಂಗ್ಲೆಂಡಿನ ಬಡವರ ಮನೆಗಳಿಗೆ ಹುಲ್ಲಿನ ಮಾಡು ಇರುತ್ತಿತ್ತಂತೆ, ಬೆಚ್ಚಗಿರಲೆಂದು ನಾಯಿ ಬೆಕ್ಕುಗಳು ಆ ಹುಲ್ಲಿನಲ್ಲಿ ಮಲಗುತ್ತಿದ್ದುವಂತೆ, ಮಳೆ ಬಂದಾಗ ಮಾಡು ಜಾರಿ ಅವು ಕೆಳಗೆ ಬೀಳುತ್ತಿದ್ದುವಂತೆ. ಓದಲು ಇದು ತಮಾಷೆಯಾಗಿದೆ. ಆದರೆ ಸೋಗೆಯ ಮನೆಯನ್ನೋ ಹುಲ್ಲಿನ ಮನೆಯನ್ನೋ ಕಂಡ ನಮ್ಮ ಹಳ್ಳಿಯವರಾರೂ ಇದನ್ನು ನಂಬಲಾರರು. ಹುಲ್ಲನ್ನು ಒತ್ತಾಗಿ, ಇಳಿಜಾರಾಗಿ ಹೊದಿಸುವುದೇ ನೀರು ನಿಲ್ಲದೆ ಹರಿದುಹೋಗಲೆಂದು. ಅದರೊಳಗೆ ನಾಯಿ ಹೊಕ್ಕು ಮಲಗುವುದು ಹೇಗೆ? ಮೇಲೆ ಮಲಗಿದ್ದರೂ ಮಳೆ ಬರುವಾಗ ಪ್ರಾಣಿಯು ಆಸರೆಯನ್ನು ಅರಸಿ ಕೆಳಗೆ ಓಡೀತೇ ಹೊರತು ಬೀಳುವ ತನಕ ನೆನೆಯುತ್ತ ಕೂರಲಾರದು.

ಬರವಣಿಗೆಯ ಸಾಕ್ಷ್ಯವೂ ಆ ಕಥೆಗೆ ಅನುಕೂಲವಾಗಿಲ್ಲ. ಹೆನ್ರಿ ವಾನ್ ಎಂಬ ಕವಿಯ ೧೬೫೧ರ ಸಂಗ್ರಹದಲ್ಲಿ ನಾಯಿಬೆಕ್ಕುಗಳ ಮಳೆಯ ಮಾತು ಬರುತ್ತದೆ. ೧೬೫೩ರಲ್ಲಿ ಅಚ್ಚಾದ ರಿಚರ್ಡ್ ಬ್ರೋಮನ ನಾಟಕವೊಂದರಲ್ಲಿ ಸುರಿಯುವವು ನಾಯಿಗಳು ಮತ್ತು ಪೋಲ್‌ಕ್ಯಾಟ್ ಎಂಬ ದುರ್ವಾಸನೆಯ ಕಾಡುಪ್ರಾಣಿಗಳು. ಈಗಿನ ರೂಪದಲ್ಲಿಯೇ ಈ ಮಾತು ಜೊನಾಥನ್ ಸ್ವಿಫ್ಟನ ೧೭೩೮ರ ಗ್ರಂಥದಲ್ಲಿದೆ. ಅದೇ ಸ್ವಿಫ್ಟನು ೧೭೧೦ರ ಒಂದು ಪದ್ಯದಲ್ಲಿ ಲಂಡನ್ ಬೀದಿಯ ಚರಂಡಿಗಳಲ್ಲಿ ಸತ್ತ ಬೆಕ್ಕುನಾಯಿಮರಿಗಳು ಕೊಚ್ಚಿಹೋಗುವುದನ್ನು ವರ್ಣಿಸಿರುವುದರಿಂದ, ಅದೇ ಮೂಲವೆಂದು ಹೇಳುವವರೂ ಇದ್ದಾರೆ. ಆದರೆ ಮಾತು ಅವನಿಗಿಂತ ಅರ್ಧ ಶತಮಾನಕ್ಕೂ ಹೆಚ್ಚು ಹಳೆಯದಾದುದರಿಂದ ಅದೂ ನಿಲ್ಲದು.

ಈಗ ಮೂರನೆಯ ಪ್ರಶ್ನೆಯನ್ನು ಕೇಳೋಣ. ಇಂಗ್ಲೆಂಡಿನ ಮಗ್ಗುಲಲ್ಲಿರುವ ವೇಲ್ಸ್ ಪ್ರಾಂತದವರು ತಮ್ಮ ಭಾಷೆಯಲ್ಲಿ ಮುದುಕಿಯರೂ ಕೋಲುಗಳೂ ಸುರಿಯುತ್ತಿವೆಯೆನ್ನುತ್ತಾರೆ. ಫ್ರೆಂಚರಿಗೆ ಹಗ್ಗಗಳು ಸುರಿಯುತ್ತವೆ, ಜರ್ಮನರಿಗೆ ದಾರಗಳು. ನಾವು ಕುಂಭದ್ರೋಣ ಮಳೆಯೆನ್ನುತ್ತೇವೆ. ಕುಂಭವೆಂದರೆ ಕೊಡ, ದ್ರೋಣವೆಂದರೆ ಅಳತೆಯ ಪಾತ್ರೆ. ಮುದುಕಿಯರು ಮಾಡಿನಿಂದ ಬೀಳುತ್ತಿದ್ದರೆಂದು ವೇಲ್ಸಿನಲ್ಲಿ ಯಾರೂ ವಾದಿಸುವುದಿಲ್ಲ. ಮಳೆಯ ಆರ್ಭಟವನ್ನು ಅತಿಶಯೋಕ್ತಿಯಿಂದ ಹೇಳುವುದು ಎಲ್ಲ ಜನರ ಸ್ವಭಾವ; ಅದಕ್ಕೆ ಒಂದು ಘಟನೆಯು ನಡೆದಿರಲೇಬೇಕೆಂಬ ನಿಯಮವಿಲ್ಲ. ಆದರೆ ಆ ಮಿಂಚಂಚೆಯ ಕಥೆಯು ಹಳೆಯ ಇಂಗ್ಲೆಂಡಿನ ಬಡವರನ್ನು ಮಾಡನ್ನು ನೆಟ್ಟಗೆ ಹೊದಿಸಲೂ ಅರಿಯದ ಮೂಢರನ್ನಾಗಿ ಚಿತ್ರಿಸಿತು. ಮಾಡು ಹೊದಿಸುವುದು ತಲೆತಲಾಂತರದಿಂದ ಬಂದ ನುರಿತ ಕಸುಬೆಂಬುದನ್ನು ಅದು ಮರೆಯಿತು.

ಎರಡನೆಯದು ಚೀಲದ ಬೆಕ್ಕು. ಇದರ ಜೊತೆಗೆ ಇಂಗ್ಲಿಷಿನಲ್ಲಿ ಇನ್ನೊಂದು ಮಾತುಂಟು: ಪೋಕಿನಲ್ಲಿರುವ ಹಂದಿಯನ್ನು ಕೊಳ್ಳಬೇಡವೆಂದು. ಪೋಕೆಂದರೆ ಸಣ್ಣ ಚೀಲ. ನಮ್ಮ ಅಂಗಿಯ ಪಾಕೀಟಿಗೆ ಇಂಗ್ಲಿಷಿನಲ್ಲಿರುವ ಹೆಸರು ಇದೇ ಶಬ್ದದ ಮರಿ. ಪದಾರ್ಥವನ್ನು ಕಣ್ಣಿಂದ ನೋಡದೆ ಹಣ ಕೊಡಬೇಡವೆಂಬುದು ಇದರ ತಾತ್ಪರ್ಯ. ಜಾನ್ ಹೇವುಡ್ ಎಂಬಾತನು ೧೫೪೬ರಲ್ಲಿ ಪ್ರಕಟಿಸಿದ ಗಾದೆಗಳ ಗ್ರಂಥದಲ್ಲಿ ಇದು ಸೇರಿದೆ. ಫ್ರೆಂಚರೂ ಜರ್ಮನರೂ ಇದೇ ಬುದ್ಧಿಯನ್ನು ಹೇಳುವಾಗ ಹಂದಿಯ ಬದಲು ಬೆಕ್ಕನ್ನೇ ಚೀಲದಲ್ಲಿಡುತ್ತಾರೆ. ಆದುದರಿಂದ ಸಂತೆಯಲ್ಲಿ ಹಂದಿಮರಿಯೆಂದು ಬೆಕ್ಕನ್ನು ಚೀಲದಲ್ಲಿ ಕಟ್ಟಿ ಮಾರುವ ಮೋಸಗಾರನ ಚಿತ್ರವು ಯೂರೋಪಿನ ಅನೇಕ ಜನಗಳಿಗೆ ಪರಿಚಿತವಾಗಿತ್ತೆನ್ನಲು ಅಡ್ಡಿಯಿಲ್ಲ.

ಹಾಗಾದರೆ ಚೀಲ ಬಿಚ್ಚಿದಾಗ ಬೆಕ್ಕು ಹಾರಿ ಗುಟ್ಟು ರಟ್ಟಾದುದೇ ಆ ಇನ್ನೊಂದು ಮಾತಿನ ಮೂಲವಲ್ಲವೆ? ಕೇಳಲು ಸರಿಯಾಗಿಯೇ ಇದೆ. ಆದರೆ ಗುಟ್ಟು ಬಯಲಾಗುವ ಅರ್ಥದಲ್ಲಿ ಆ ಮಾತು ಅಚ್ಚಿನಲ್ಲಿ ದೊರೆಯುವುದು ೧೭೬೦ರಲ್ಲಿ, ಲಂಡನ್ನಿನ ಒಂದು ಮಾಸಪತ್ರಿಕೆಯ ಪುಸ್ತಕವಿಮರ್ಶೆಯಲ್ಲಿ. ಹೇವುಡ್ಡನ ಗಾದೆಗೂ ಇದಕ್ಕೂ ನಡುವೆ ಇನ್ನೂರಕ್ಕೂ ಹೆಚ್ಚು ವರ್ಷಗಳ ಅಂತರವಿದೆ. ನಾವಿಕರನ್ನು ಹೊಡೆಯುತ್ತಿದ್ದ ಒಂಬತ್ತು ಬಾಲದ ಬೆಕ್ಕೆಂಬ ಚಾವಟಿಯನ್ನು ಚೀಲದಿಂದ ತೆಗೆಯುವುದೇ ಮೂಲವೆಂದು ಮತ್ತೊಂದು ಪಕ್ಷದವರು ಹೇಳುತ್ತಾರೆ. ಆದರೆ ಚಾವಟಿಯನ್ನು ಹೊರತೆಗೆದರೆ ಶಿಕ್ಷೆ ಬಂದೀತೇ ವಿನಾ ಗುಟ್ಟು ಬಯಲಾಗದು. ಇವೆರಡರಲ್ಲಿ ಸಂತೆಯ ಕಥೆಯೇ ಮಾತಿನ ಅರ್ಥಕ್ಕೆ ಹತ್ತಿರ. ಆದರೂ ಅದನ್ನು ಸಂಭವವೆಂದು ಹೇಳಬೇಕೇ ಹೊರತು ಸಿದ್ಧಾಂತವೆಂದು ಸಾಧಿಸಬಾರದು.

ಪ್ರಶ್ನೆಗಳಿಗೆ ಎದೆಗೊಟ್ಟು ನಿಲ್ಲುವ ಮಾತುಗಳೂ ಇವೆ. ದಾನವಾಗಿ ಬಂದ ಕುದುರೆಯ ಬಾಯನ್ನು ನೋಡಬೇಡವೆಂಬ ಗಾದೆಯು ಅಂಥದು. ಸಂತ ಜೆರೋಮನು ಕ್ರಿ. ಶ. ನಾಲ್ಕನೆಯ ಶತಮಾನದ ಕೊನೆಯ ಭಾಗದಲ್ಲಿ ಲ್ಯಾಟಿನ್ ಭಾಷೆಯಲ್ಲಿ ಇದನ್ನು ಬರೆದಾಗಲೇ ಇದು ಜನಜನಿತವಾದ ಗಾದೆಯೆಂದು ಹೇಳಿದನು. ಇದರ ಹಿನ್ನೆಲೆಯು ಕುದುರೆಯ ವ್ಯಾಪಾರ. ಕುದುರೆಗೆ ಸುಮಾರು ಐದು ವರ್ಷ ತುಂಬುವ ಹೊತ್ತಿಗೆ ಮುಂದಿನ ಹಾಲುಹಲ್ಲುಗಳೆಲ್ಲ ಬಿದ್ದು ಶಾಶ್ವತವಾದ ಹಲ್ಲುಗಳು ಬಂದಿರುತ್ತವೆ. ಅನಂತರ ವರ್ಷವರ್ಷಕ್ಕೂ ಹಲ್ಲಿನ ಮೇಲಣ ಕುಳಿಯು ಸವೆಯುತ್ತದೆ. ಮುದಿಯಾದಂತೆ ಹಲ್ಲುಗಳು ಮುಂದಕ್ಕೆ ಓರೆಯಾಗಿ ಉದ್ದವಾದಂತೆ ತೋರುತ್ತವೆ. ಇಂಗ್ಲಿಷಿನಲ್ಲಿ ವಯಸ್ಸು ಮೀರಿದವನನ್ನು ಉದ್ದಹಲ್ಲಿನವನೆನ್ನುವುದೂ ಇದರಿಂದಲೇ. ನಮ್ಮ ದನದ ಜಾತ್ರೆಗಳಲ್ಲಿಯೂ ಎತ್ತಿನ ತುಟಿಯನ್ನು ಮೇಲೆತ್ತಿ ಎರಡು ಹಲ್ಲು, ನಾಲ್ಕು ಹಲ್ಲು ಎಂದು ಪ್ರಾಯವನ್ನು ಗೊತ್ತುಮಾಡುವುದನ್ನು ವಾಚಕರು ಬಲ್ಲರು; ದಾನಕ್ಕೆ ಬಂದ ಆಕಳ ಹಲ್ಲನ್ನು ಎಣಿಸಬಾರದೆಂಬ ಮಾತು ನಮ್ಮಲ್ಲಿಯೂ ಉಂಟು. ಒಬ್ಬರಿಂದ ಒಬ್ಬರು ಕಲಿಯದೆಯೂ ಒಂದೇ ಬಗೆಯ ಬಾಳು ಒಂದೇ ಬಗೆಯ ಮಾತನ್ನು ಹುಟ್ಟಿಸಬಲ್ಲುದೆಂಬುದಕ್ಕೆ ಇದು ಒಳ್ಳೆಯ ನಿದರ್ಶನ.

ದನದ ಸಂತೆಯಿಂದ ಷೇರುಗಳ ಪೇಟೆಗೆ ಬರೋಣ. ಬೆಲೆಗಳು ಏರಿದರೆ ಗೂಳಿ, ಇಳಿದರೆ ಕರಡಿ ಎಂಬ ಮಾತು ಈಗ ಕನ್ನಡ ವೃತ್ತಪತ್ರಿಕೆಗಳಲ್ಲಿಯೂ ರೂಢವಾಗಿದೆ. ಗೂಳಿಯು ಕೊಂಬಿನಿಂದ ಮೇಲಕ್ಕೆ ಎತ್ತುತ್ತದೆ, ಕರಡಿಯು ಪಂಜದಿಂದ ಕೆಳಕ್ಕೆ ಬಡಿಯುತ್ತದೆ, ಆದುದರಿಂದ ಈ ಹೆಸರುಗಳು ಬಂದುವೆಂದು ಹೇಳುವುದುಂಟು. ನೆನಪಿಟ್ಟುಕೊಳ್ಳಲು ಇದು ಅನುಕೂಲ. ಆದರೆ ಕರಡಿಯ ಚರಿತ್ರೆಯೇ ಬೇರೆ. ಕರಡಿಯನ್ನು ಹಿಡಿಯುವ ಮುನ್ನವೇ ಅದರ ಚರ್ಮವನ್ನು ಮಾರಬೇಡವೆಂಬ ಹಳೆಯ ಗಾದೆಯೊಂದು ಯೂರೋಪಿನಲ್ಲಿದೆ. ಹದಿನೆಂಟನೆಯ ಶತಮಾನದ ಆದಿಯಲ್ಲಿ ಲಂಡನ್ನಿನ ಕೆಲವು ವ್ಯಾಪಾರಿಗಳು ತಮ್ಮ ಕೈಯಲ್ಲಿಲ್ಲದ ಷೇರುಗಳನ್ನು ಇಂದಿನ ಬೆಲೆಗೆ ಮಾರಿ, ಬೆಲೆಯಿಳಿದ ಬಳಿಕ ಅಗ್ಗವಾಗಿ ಕೊಂಡು ಒಪ್ಪಿಸಿ, ನಡುವಣ ಲಾಭವನ್ನು ಪಡೆಯುತ್ತಿದ್ದರು. ಇಲ್ಲದ ಚರ್ಮವನ್ನು ಮಾರಿದವರೆಂದು ಇವರಿಗೆ ಕರಡಿಚರ್ಮದ ವ್ಯಾಪಾರಿಗಳೆಂದು ಹೆಸರಾಯಿತು. ಕಾಲಕ್ರಮದಲ್ಲಿ ಚರ್ಮ ಹೋಗಿ ಕರಡಿಯಷ್ಟೇ ಉಳಿಯಿತು. ೧೭೨೦ರಲ್ಲಿ ಸೌತ್ ಸೀ ಕಂಪೆನಿಯ ಷೇರುಗಳು ಕುಸಿದು ಸಹಸ್ರಾರು ಸಂಸಾರಗಳು ಹಾಳಾದಾಗ ಈ ಹೆಸರು ಎಲ್ಲರ ಬಾಯಿಗೂ ಬಂದಿತು. ಹೊರೇಸ್ ವಾಲ್‌ಪೋಲನು ೧೭೬೧ರ ಒಂದು ಪತ್ರದಲ್ಲಿ ಗೂಳಿ, ಕರಡಿ ಇವುಗಳ ಸಾಲಿಗೆ ಕುಂಟುಬಾತನ್ನೂ ಸೇರಿಸಿದ್ದಾನೆ. ಸಾಲ ತೀರಿಸಲಾರದೆ ಪೇಟೆಯಿಂದ ಓಲಾಡುತ್ತ ಹೊರಬಿದ್ದವನೇ ಆ ಕುಂಟುಬಾತು. ಅಮೆರಿಕದಲ್ಲಿ ಈ ಹೆಸರು ಮುಂದೆ, ಉತ್ತರಾಧಿಕಾರಿಯು ಚುನಾಯಿತನಾದ ಮೇಲೂ ಅವಧಿ ಮುಗಿಯುವ ತನಕ ಪದವಿಯಲ್ಲಿ ಕುಳಿತಿರುವ ಅಧಿಕಾರಿಗೆ ಅಂಟಿಕೊಂಡಿತು.

ಇನ್ನು ಬಿಳಿಯಾನೆ. ಇದನ್ನಂತೂ ನಾವು ನಮ್ಮದೇ ಮಾತೆಂಬಂತೆ ಬಳಸುತ್ತೇವೆ. ಬೊಕ್ಕಸವನ್ನು ನುಂಗಿ ಫಲ ಕೊಡದ ಯೋಜನೆಗೆ ಬಿಳಿಯಾನೆಯೆಂದು ಹೆಸರು. ಕಥೆಯೂ ಪ್ರಸಿದ್ಧವೇ: ಸಯಾಮಿನ ಅರಸನಿಗೆ ಯಾವನಾದರೂ ಆಸ್ಥಾನಿಕನ ಮೇಲೆ ಮುನಿಸಾದರೆ ಅವನಿಗೊಂದು ಬಿಳಿಯಾನೆಯನ್ನು ದಾನ ಮಾಡುತ್ತಿದ್ದನಂತೆ, ಪವಿತ್ರಪ್ರಾಣಿಯಾದುದರಿಂದ ಅದನ್ನು ದುಡಿಸುವಂತಿಲ್ಲ, ಮಾರುವಂತಿಲ್ಲ, ಸಾಕಿ ಸಾಕಿ ಆತನು ಭಿಕಾರಿಯಾಗುತ್ತಿದ್ದನಂತೆ. ಸಯಾಮಿನ ಅರಸರು ಹೀಗೆ ಮಾಡಿದರೆಂಬುದಕ್ಕೆ ಐತಿಹಾಸಿಕವಾದ ಆಧಾರವು ದೊರೆತಿಲ್ಲ. ದೊರೆತಿರುವ ಆಧಾರಗಳೆಲ್ಲ ಇದಕ್ಕೆ ವಿರುದ್ಧವಾಗಿವೆ. ಬುದ್ಧನ ಜನನಕ್ಕೆ ಮೊದಲು ಮಾಯಾದೇವಿಯು ಕನಸಿನಲ್ಲಿ ಕಂಡುದು ಬಿಳಿಯಾನೆಯನ್ನು; ಆದುದರಿಂದ ಬೌದ್ಧರಾದ ಆ ಜನರಿಗೆ ಅದು ರಾಜ್ಯಲಕ್ಷ್ಮಿಯ ಚಿಹ್ನೆ. ಬಿಳಿಯಾನೆಗಳನ್ನು ಪಡೆದಿದ್ದ ಅಯೋಧ್ಯಾ ನಗರದ ಅರಸನನ್ನು ಬರ್ಮದ ದೊರೆ ಬಯಿನ್ನೌಂಗನು ಅವುಗಳಲ್ಲಿ ಕೆಲವನ್ನು ಕೊಡೆಂದು ಕೇಳಿದನು. ಕೊಡಲೊಪ್ಪದುದನ್ನೇ ನೆವವಾಗಿ ಹಿಡಿದು ೧೫೬೩-೬೪ರಲ್ಲಿ ದಂಡೆತ್ತಿ ಬಂದನು. ಸೋತ ಸಯಾಮಿನವರು ಆನೆಗಳನ್ನು ಒಪ್ಪಿಸಬೇಕಾಯಿತು. ೧೯೧೭ರಲ್ಲಿ ಈಗಿನ ಪಟ್ಟೆಪಟ್ಟೆಯ ಧ್ವಜವು ಬರುವ ಕಾಲದವರೆಗೂ ಆ ರಾಜ್ಯದ ಬಾವುಟದಲ್ಲಿ ಬಿಳಿಯಾನೆಯೇ ಇದ್ದಿತು. ಯುದ್ಧ ಮಾಡಿ ಗಳಿಸುವಂಥ, ಧ್ವಜದ ಮೇಲೆ ಬರೆಯಿಸುವಂಥ ವಸ್ತುವನ್ನು ಅರಸನು ಹಗೆತನಕ್ಕಾಗಿ ಪರರಿಗೆ ಕೊಟ್ಟಾನೆ? ಒಂದು ಜನಾಂಗವು ಪೂಜ್ಯವೆಂದು ಭಾವಿಸಿದ ಪ್ರಾಣಿಯು ಪರದೇಶೀಯರ ಬಾಯಲ್ಲಿ ದಂಡದ ಖರ್ಚಿಗೆ ಹೆಸರಾಯಿತು. ಅವರ ಅರಸರಿಗೆ ಕುಟಿಲರೆಂಬ ಅಪವಾದವೂ ತಗುಲಿತು.

ಮೊಸಳೆಯ ಕಣ್ಣೀರಿನ ವಿಷಯದಲ್ಲಿ ಅಪವಾದವನ್ನು ಹೊತ್ತುದು ಪ್ರಾಣಿಯೇ. ಮನುಷ್ಯನನ್ನು ತಿನ್ನುತ್ತ ಮೊಸಳೆಯು ಅಳುತ್ತದೆಂದು ಹದಿನಾಲ್ಕನೆಯ ಶತಮಾನದಲ್ಲಿ ಮ್ಯಾಂಡೆವಿಲ್ಲನ ಹೆಸರಿನ ಪ್ರವಾಸಗ್ರಂಥವು ಹೇಳಿತು. ಅಲ್ಲಿಂದ ಕಪಟದ ಅಳುವಿಗೆ ಆ ಹೆಸರು ನಾಡುನಾಡುಗಳಿಗೆ ಹಬ್ಬಿತು. ಇದು ಕೇವಲ ಕಟ್ಟುಕಥೆಯೆಂದು ಬಹುಮಂದಿ ತಿಳಿದಿದ್ದರು. ೨೦೦೭ರಲ್ಲಿ ಅಮೆರಿಕದ ಫ್ಲಾರಿಡದಲ್ಲಿ ನಡೆದ ಪರಿಶೀಲನೆಯೊಂದು ಪ್ರಕಟವಾಯಿತು. ಮೊಸಳೆಯ ಬಳಗಕ್ಕೆ ಸೇರಿದ ಏಳು ಪ್ರಾಣಿಗಳಿಗೆ ಒಣನೆಲದ ಮೇಲೆ ಆಹಾರವಿತ್ತು ನೋಡಲಾಗಿ, ಐದರ ಕಣ್ಣುಗಳಲ್ಲಿ ತಿನ್ನುವಾಗ ನೀರು ಕಾಣಿಸಿತು. ಕೆಲವುಗಳಲ್ಲಿ ನೊರೆಯೇ ಬಂದಿತು. ತಿನ್ನುವಾಗ ಅವು ಬುಸುಗುಟ್ಟುವುದರಿಂದ ಗಾಳಿಯೊತ್ತಡಕ್ಕೆ ಕಣ್ಣೀರು ಹೊರಬರುತ್ತಿರಬಹುದೆಂದು ಆ ಶಾಸ್ತ್ರಜ್ಞರು ಊಹಿಸಿದರು. ಹಳೆಯ ಪ್ರವಾಸಗ್ರಂಥದ ಹೇಳಿಕೆಯಲ್ಲಿ ಕಣ್ಣೀರು ದಿಟ, ಕಪಟವು ಮಾತ್ರ ಮನುಷ್ಯನು ಕಲ್ಪಿಸಿದ್ದು. ಆದುದರಿಂದ ಹಳೆಯವರು ಹೇಳಿದುದೆಲ್ಲ ಸುಳ್ಳೆಂದು ತಳ್ಳಿಬಿಡುವುದೂ ಪರೀಕ್ಷೆಯಲ್ಲ.

ಕೊನೆಯದಾಗಿ ಕೆಂಪು ಮೀನಿನ ವಿಚಾರ. ಹೆರಿಂಗ್ ಎಂಬುದು ನಮ್ಮ ಕರಾವಳಿಯ ಬೂತಾಯಿಯ ಬಳಗದ ಮೀನು. ಉಪ್ಪಿನಲ್ಲಿ ಊರಿಸಿ ಬಹುದಿನ ಹೊಗೆಯಲ್ಲಿಟ್ಟರೆ ಅದು ಕೆಂಪಾಗುತ್ತದೆ. ಅದರ ವಾಸನೆಯೂ ಬಹಳ ತೀಕ್ಷ್ಣ. ಓಡಿಹೋಗುವ ಅಪರಾಧಿಗಳು ಈ ಮೀನನ್ನು ನೆಲದ ಮೇಲೆ ಎಳೆದು ಬೆನ್ನಟ್ಟುವ ನಾಯಿಗಳನ್ನು ದಾರಿ ತಪ್ಪಿಸುತ್ತಿದ್ದರೆಂದೂ, ಬೇಟೆನಾಯಿಗಳ ಶಿಕ್ಷಣಕ್ಕೆ ಇದನ್ನು ಬಳಸುತ್ತಿದ್ದರೆಂದೂ ಬಹುಕಾಲ ನಂಬಿಕೆಯಿತ್ತು. ಹದಿನೇಳನೆಯ ಶತಮಾನದ ಬೇಟೆಯ ಗ್ರಂಥಗಳಲ್ಲಿ ಕೆಂಪು ಮೀನಿನ ಪ್ರಸ್ತಾಪವಿರುವುದು ನಿಜ. ಆದರೆ ಅಲ್ಲಿ ಹೇಳಿರುವುದು ಕುದುರೆಗಳ ವಿಷಯ. ಬೇಟೆನಾಯಿಗಳ ಹಿಂದೆ ಓಡುವುದನ್ನು ಕುದುರೆಗೆ ಕಲಿಸಬೇಕಾದರೆ ಸತ್ತ ಬೆಕ್ಕನ್ನೋ ನರಿಯನ್ನೋ, ಅವು ಸಿಕ್ಕದಿದ್ದರೆ ಕೆಂಪು ಮೀನನ್ನೋ ಎಳೆಯಬೇಕೆಂದು ಅವು ಹೇಳುತ್ತವೆ. ದಾರಿ ತಪ್ಪಿಸುವ ಮಾತು ಅಲ್ಲಿಲ್ಲ.

ಆ ಅರ್ಥವು ಬಂದುದು ಒಬ್ಬ ಪತ್ರಿಕಾಕರ್ತನಿಂದ. ವಿಲಿಯಂ ಕಾಬೆಟ್ ಎಂಬಾತನು ೧೮೦೭ರ ಫೆಬ್ರುವರಿಯಲ್ಲಿ ತನ್ನ ವಾರಪತ್ರಿಕೆಯಲ್ಲಿ ಒಂದು ಪ್ರಸಂಗವನ್ನು ಬರೆದನು. ತಾನು ಹುಡುಗನಾಗಿದ್ದಾಗ ಕೆಂಪು ಮೀನನ್ನು ಎಳೆದು ಮೊಲದ ಹಿಂದೆ ಬಿದ್ದ ನಾಯಿಗಳನ್ನು ಬೇರೆ ಕಡೆಗೆ ತಿರುಗಿಸಿದೆನೆಂಬುದೇ ಆ ಪ್ರಸಂಗ. ಅದನ್ನು ಬರೆದ ಉದ್ದೇಶವು ಬೇಟೆಯಲ್ಲ. ನೆಪೋಲಿಯನ್ನನು ಸೋತನೆಂಬ ಸುಳ್ಳುಸುದ್ದಿಗೆ ಮರುಳಾಗಿ ದೇಶದೊಳಗಣ ಮುಖ್ಯ ವಿಷಯಗಳನ್ನು ಕೈಬಿಟ್ಟ ಇತರ ಪತ್ರಿಕೆಗಳನ್ನು ಆತನು ಆ ನಾಯಿಗಳಿಗೆ ಹೋಲಿಸಿದನು. ೧೮೩೩ರಲ್ಲಿ ಅದೇ ಕಥೆಯನ್ನು ಇನ್ನೂ ವಿಸ್ತರಿಸಿ ಹೇಳಿದನು. ಓದುಗರಿಗೆ ಹೋಲಿಕೆಯು ರುಚಿಸಿತು. ಕಥೆಯು ನಿಜವಾದ ಬೇಟೆಯ ಪದ್ಧತಿಯೆಂದೇ ಬೇರೂರಿತು. ೨೦೦೮ರಲ್ಲಿ ಇಬ್ಬರು ಶಬ್ದಶೋಧಕರು ಹಳೆಯ ಗ್ರಂಥಗಳನ್ನು ಮತ್ತೆ ತೆರೆದು ಓದಿ ಈ ಸಂಗತಿಯನ್ನು ಬೆಳಕಿಗೆ ತಂದರು. ಸುಳ್ಳುಸುದ್ದಿಯನ್ನು ಖಂಡಿಸಲು ಹೇಳಿದ ದೃಷ್ಟಾಂತವೇ ಸುಮಾರು ಇನ್ನೂರು ವರ್ಷ ಶಬ್ದಾಭ್ಯಾಸಿಗಳನ್ನು ಬೇರೆ ಜಾಡಿಗೆ ಎಳೆದುದು ವಿನೋದವಲ್ಲವೆ?

ಇಷ್ಟನ್ನು ನೋಡಿದ ಮೇಲೆ ಒಂದು ಮಾತು ಸ್ಪಷ್ಟವಾಗುತ್ತದೆ. ನುಡಿಗಟ್ಟುಗಳ ಮೂಲವನ್ನು ತಿಳಿಯಲು ಬೇಕಾದುದು ಜಾಣತನಕ್ಕಿಂತಲೂ ತಾಳ್ಮೆ. ಹಳೆಯ ಪುಸ್ತಕದ ವರ್ಷವನ್ನು ನೋಡುವ ತಾಳ್ಮೆ, ಹುಲ್ಲಿನ ಮಾಡು ಹೇಗಿರುತ್ತದೆಂದು ಯೋಚಿಸುವ ತಾಳ್ಮೆ, ಪರಜನರು ತಮ್ಮ ಆನೆಯ ವಿಷಯವಾಗಿ ತಾವೇ ಏನು ಹೇಳುತ್ತಾರೆಂದು ಕೇಳುವ ತಾಳ್ಮೆ. ಮನೆಯಲ್ಲಿ ಮಕ್ಕಳು ಇಂಥ ಪ್ರಶ್ನೆಯನ್ನು ಕೇಳಿದಾಗ ತಂದೆತಾಯಿಗಳು ಕಥೆಯನ್ನು ಹೇಳಬಾರದೆಂದಲ್ಲ. ಕಥೆಯನ್ನು ಕಥೆಯೆಂದು ಹೇಳಿ, ತರುವಾಯ ಆ ಮೂರು ಪ್ರಶ್ನೆಗಳನ್ನು ಮಕ್ಕಳಿಂದಲೇ ಕೇಳಿಸಬೇಕು. ಬೆಕ್ಕು ನಾಯಿಗಳ ವಿಷಯದಲ್ಲಿ ಹೀಗೆ ಕೇಳಿ ಕಲಿತ ಮಗುವು, ನಾಳೆ ಇನ್ನೊಬ್ಬ ಮನುಷ್ಯನ ವಿಷಯದಲ್ಲಿ ಸೊಗಸಾದ ಸುಳ್ಳೊಂದು ಕಿವಿಗೆ ಬಿದ್ದಾಗಲೂ ಅದನ್ನು ನಾಲ್ಕು ಜನಕ್ಕೆ ಹೇಳುವ ಮುನ್ನ ನಿಂತು ಯೋಚಿಸೀತು. ಮನೆಯೊಳಗಣ ಮಾತುಕತೆಗೆ ಇದಕ್ಕಿಂತ ದೊಡ್ಡ ಫಲವು ಬೇಕಾಗಿಲ್ಲ.